ಹಣೆಯ ಕಾಸು

“ಅತ್ಗೆ, ಕಾಸು ಸಿಕ್ತಾ?” ಎಂದು ಎರ್ರಪ್ಪ ಅಂಗಳದಿಂದ ಮೂರನೇ ಸಲ ಕೂಗಿದಾಗ ಗಂಗುಲಮ್ಮ ರಾಗಿಹಿಟ್ಟಿನ ಮಡಕೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದಳು. ಹಿಟ್ಟಿನಲ್ಲಿ ಕಾಸಿರಲಿಲ್ಲ. ಮೆಣಸಿನಕಾಯಿ ಡಬ್ಬದಲ್ಲೂ ಇರಲಿಲ್ಲ. ಗೂಡಿನಲ್ಲಿ ದೀಪದ ಹಿಂದೆ ಕೈಯಾಡಿಸಿದರೆ ಒಂದು ಮುರಿದ ಬಾಚಣಿಗೆ ಸಿಕ್ಕಿತು. ಕೊನೆಗೆ ಸಾಸಿವೆ ಕುಡಿಕೆಯನ್ನು ಸೆರಗಿಗೆ ಬಗ್ಗಿಸಿದಳು. ಸಾಸಿವೆಯ ಜೊತೆ ಮೂರು ಕಾಸು ಬಿದ್ದವು.

ಹೊರಗೆ ಅವಳ ಗಂಡ ಮುನಿಶಾಮಪ್ಪನಿಗೆ ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ನಿನ್ನೆ ಸಂಜೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು ಯಾಕೋ ಎದೆ ಹಿಡಿದಂಗಾಯ್ತು ಎಂದು ಗೊಂತಿನ ಪಕ್ಕ ಕುಳಿತ, ಮತ್ತೆ ಏಳಲಿಲ್ಲ. ವಯಸ್ಸು ಅರವತ್ತೋ ಅರವತ್ತೈದೋ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟು: ಮಂಚೇನಹಳ್ಳಿಯಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯ ಈ ಊರಲ್ಲಿ ನಲವತ್ತು ವರ್ಷದಿಂದ ಯಾರು ಸತ್ತರೂ ಗುಂಡಿ ತೋಡಿದವನು ಅವನು. ಚಿಕ್ಕಪ್ಪನ ಮಗ ಎರ್ರಪ್ಪ ಅವನ ಜೊತೆ ಮಣ್ಣು ಎತ್ತಿಹಾಕುತ್ತಿದ್ದ. ಇವತ್ತು ಬೆಳಿಗ್ಗೆ ಎರ್ರಪ್ಪ ಮೊದಲ ಸಲ ಒಬ್ಬನೇ ಹೋಗಿ ಗುಂಡಿ ತೋಡಿ ಬಂದಿದ್ದ.

ಹೆಣದ ಹಣೆಗೆ ಕುಂಕುಮ ಕಲಸಿ ಬಳಿದು ಅದರ ಮೇಲೊಂದು ಕಾಸು ಅಂಟಿಸುವುದು ಆ ಕಡೆಯ ಪದ್ಧತಿ. ಗುಂಡಿಗೆ ಇಳಿಸಿದ ಮೇಲೆ ಆ ಕಾಸನ್ನು ಬಿಡಿಸಿಕೊಳ್ಳುವವನು ಗುಂಡಿ ತೋಡಿದವನು. ದಾರಿಯುದ್ದಕ್ಕೂ ಪುರಿಯ ಜೊತೆ ಎರಚುವ ಚಿಲ್ಲರೆಯಲ್ಲಿ ಮೊರದಲ್ಲಿ ಉಳಿದಷ್ಟೂ ಅವನದೇ. ಅದೇ ಅವನ ಕೂಲಿ. ಬಳಿದ ಕುಂಕುಮ ಒಣಗುವ ಮೊದಲು ಕಾಸು ಇಡಬೇಕು, ಅದಕ್ಕೇ ಎರ್ರಪ್ಪನ ಅವಸರ.

ಗಂಗುಲಮ್ಮ ಮೂರು ಕಾಸನ್ನೂ ಅಂಗೈಯಲ್ಲಿ ಹಿಡಿದು ಹೊರಗೆ ಬಂದು ಅಳಿಯನ ಮುಂದೆ ಚಾಚಿದಳು. ಅಳಿಯ ವೆಂಕಟೇಶ್ ಗೌರಿಬಿದನೂರಿನ ಒಂದು ಆಫೀಸಿನಲ್ಲಿ ಅಟೆಂಡರು. ಹೆಂಡತಿ ಆಂಜಿನಮ್ಮನನ್ನು ಕರೆದುಕೊಂಡು ಮೊದಲ ಬಸ್ಸಿಗೆ ಬಂದಿದ್ದ. ನಾಲ್ಕಕ್ಷರ ಓದಿದವನು ಅಲ್ಲಿ ಅವನೊಬ್ಬನೇ.

“ಇದರಲ್ಲಿ ನಡೆಯೋದು ಯಾವುದಪ್ಪ?”

ವೆಂಕಟೇಶ್ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದ. “ಇದು ಎರಡಾಣೆ. ಬಸವ ಇದಾನಲ್ಲ, ಬಸವ ಇರೋದು ಯಾವುದೂ ನಡೆಯಲ್ಲ ಅತ್ತೆ. ಇದು ಒಂದಾಣೆ, ಇದರಲ್ಲೂ ಬಸವನೇ. ಈ ತೂತಿನ ಕಾಸಂತೂ ಯಾವ ಕಾಲದ್ದೋ.”

“ಮೂರೂ ನಡೆಯಲ್ವಾ?”

“ಮೂರೂ ನಡೆಯಲ್ಲ.”

“ಹಣೆ ಕಾಸಿಗೆ ಯಾವುದಾದ್ರೇನತ್ಗೆ?” ಎಂದ ಎರ್ರಪ್ಪ. “ಎಲ್ಲ ಇದನ್ನೇ ಇಡೋದು. ತಗೊಳ್ಳೋನು ನಾನು ತಾನೆ, ನಾನೇನೂ ಕೇಳಲ್ಲ.”

“ನೀನು ಕೇಳ್ದೆ ಇರ್ಬೋದು. ನಂಗೆ ನಡೆಯೋ ಕಾಸೇ ಬೇಕು.”

ವೆಂಕಟೇಶ್ ಜೇಬಿಗೆ ಕೈ ಹಾಕಿದ. ಒಂದು ರೂಪಾಯಿ ನೋಟು ಬಂತು, ಜೊತೆಗೆ ಆರು ಮೂಲೆಯ ಒಂದು ಬಿಳಿ ತಗಡಿನ ಚೂರು. “ಇದು ಮೂರು ಪೈಸೆ ಅತ್ತೆ. ಸರ್ಕಾರದ್ದೇ, ಈಚೆಗೆ ಬಂದಿರೋದು. ಇದು ನಡೀತದೆ.”

ಗಂಗುಲಮ್ಮ ಅದನ್ನು ಕೈಯಲ್ಲಿಟ್ಟು ತೂಗಿ ನೋಡಿದಳು. ತೂಕವೇ ಇರಲಿಲ್ಲ. “ಔಷಧಿ ಸೀಸೆ ಮುಚ್ಚಳ ಇದ್ದಂಗೈತೆ,” ಎಂದಳು. ಆದರೂ ಇರಲಿ ಎಂದು ಎರ್ರಪ್ಪ ಅದನ್ನೇ ಹಣೆಗೆ ಒತ್ತಿದ. ಕುಂಕುಮ ಆಗಲೇ ಅರ್ಧ ಒಣಗಿತ್ತು. ಮೂರು ಪೈಸೆ ಒಂದು ಗಳಿಗೆ ನಿಂತು, ಮೂಗಿನ ಮೇಲಿಂದ ಜಾರಿ, ಮುನಿಶಾಮಪ್ಪನ ಮಡಿಲಿಗೆ ಬಿತ್ತು. ಅಳುತ್ತ ಕೂತಿದ್ದ ಆಂಜಿನಮ್ಮನಿಗೆ ತಡೆಯಲಾರದಷ್ಟು ನಗು ಬಂತು. ಬಾಯಿಗೆ ಸೆರಗು ತುರುಕಿಕೊಂಡಳು, ಆಮೇಲೆ ನಕ್ಕದ್ದಕ್ಕಾಗಿ ಇನ್ನೂ ಜೋರಾಗಿ ಅತ್ತಳು.

ಗಂಗುಲಮ್ಮನಿಗೆ ತಲೆ ಕೆಟ್ಟಂತಾಯಿತು. ಆಣೆ ಹೋಗಿ ನಯಾಪೈಸೆ ಬಂದು ಒಂಬತ್ತು ವರ್ಷವಾಗಿದ್ದರೂ ಅವಳಿಗೆ ಇದರ ತುದಿಮೊದಲು ಸಿಕ್ಕಿರಲಿಲ್ಲ. ನಡೆಯದ ಕಾಸು ಕೈತುಂಬ ಭಾರ, ನಡೆಯುವ ಕಾಸು ಊದಿದರೆ ಹಾರಿಹೋಗುತ್ತದೆ. ಇದು ಎಲ್ಲಿಯ ನ್ಯಾಯವೋ ಹೇಳುವವರೂ ಇರಲಿಲ್ಲ.

“ಬೇರೆ ಕಾಸು ಸಿಗೋವರೆಗೂ ಎತ್ತಬೇಡಿ,” ಎಂದಳು.

ಜನ ಮುಖ ಮುಖ ನೋಡಿಕೊಂಡರು. ಇಡೀ ಜೀವಮಾನ ಇದ್ದುದರಲ್ಲೇ ಹೊಂದಿಸಿಕೊಂಡು ಹೋದ ಹೆಂಗಸು ಇವತ್ತು ಹೆಣದ ಮುಂದೆ ಹಟ ಹಿಡಿದಿದ್ದಾಳೆ. ಕಾರಣ ಅವಳಿಗೊಬ್ಬಳಿಗೇ ಗೊತ್ತು. ಎರಡು ವರ್ಷದ ಹಿಂದೆ ಅವಳ ಬಾಯಿಂದ ಒಂದು ಮಾತು ಬಿದ್ದಿತ್ತು. ಆ ಮಾತು ನಿಜವಾಗಕೂಡದು, ಅಷ್ಟೇ.

*

ಆಣೆಯ ಬಿಲ್ಲೆಗಳು ಪೂರ್ತಿ ನಿಂತ ವರ್ಷವೇ ಅಂಗಡಿ ಚೆನ್ನರಾಯಪ್ಪನ ತಾಯಿ ತೀರಿಕೊಂಡಿದ್ದಳು. ನಡುಬೀದಿಯ ದೊಡ್ಡ ಮನೆ, ದೊಡ್ಡ ಸಾವು. ಮುದುಕಿಯ ಹಣೆಗೆ ಚೌಕದ ಎರಡಾಣೆ ಬಿಲ್ಲೆ ಇಟ್ಟಿದ್ದರು. ಮುನಿಶಾಮಪ್ಪ ಅದನ್ನು ಬಿಡಿಸಿಕೊಂಡು ಪಂಚೆಯ ತುದಿಗೆ ಗಂಟು ಹಾಕಿಕೊಂಡ. ಮೂರು ದಿನ ಬಿಟ್ಟು ಗಂಡಹೆಂಡಿರು ಉಪ್ಪು, ಹೊಗೆಸೊಪ್ಪು ತರಲು ಅದೇ ಚೆನ್ನರಾಯಪ್ಪನ ಅಂಗಡಿಗೆ ಹೋದರು. ಹಲಗೆಯ ಮೇಲಿಟ್ಟ ಕಾಸನ್ನು ಚೆನ್ನರಾಯಪ್ಪ ಒಂದು ಕಡ್ಡಿಯಿಂದ ಹಿಂದಕ್ಕೆ ತಳ್ಳಿದ.

“ಇದು ನಡೆಯಲ್ಲ ಕಣೋ ಮುನಿಶಾಮಿ.”

“ಯಾಕ್ ಸಾಮಿ?”

“ಸರ್ಕಾರ ನಿಲ್ಲಿಸ್ತು. ರಾಜನ ತಲೆ ಇರೋದು, ಬಸವ ಇರೋದು, ಎಲ್ಲ ಹೋಯ್ತು. ಊರಿಗೆಲ್ಲ ಗೊತ್ತು, ನಿಂಗೊಬ್ಬನಿಗೆ ಗೊತ್ತಿಲ್ವಾ?”

ಮುನಿಶಾಮಪ್ಪ ಕಾಸನ್ನು ನೋಡಿದ, ಚೆನ್ನರಾಯಪ್ಪನನ್ನು ನೋಡಿದ. ಬಸವನ ಹಿಣಿಲಿನ ಸಂದಿಯಲ್ಲಿ ಒಂದಿಷ್ಟು ಕುಂಕುಮ ಇನ್ನೂ ಅಂಟಿಕೊಂಡೇ ಇತ್ತು. ಗಂಗುಲಮ್ಮನಿಗೆ ಅದು ಕಂಡಿತು. ಚೆನ್ನರಾಯಪ್ಪನಿಗೂ ಕಂಡಿರಬೇಕು, ಅವನು ಬೆಲ್ಲ ಕೇಳಿ ಬಂದವರ ಕಡೆ ತಿರುಗಿಕೊಂಡ.

ದಾರಿಯಲ್ಲಿ ಗಂಗುಲಮ್ಮ ತಡೆಯಲಾರದೆ ಕೇಳಿದಳು. “ನೀವೇ ಇಟ್ಟಿದ್ದಲ್ವಾ ಸಾಮಿ ಅಂತ ಅನ್ನೋದಲ್ವೇನಯ್ಯ?”

“ಅವರವ್ವನ ಹಣೆ ಮೇಲಿದ್ದಿದ್ದು ಕಣೇ. ಹೂತ ಮಣ್ಣು ಇನ್ನೂ ಆರಿಲ್ಲ. ಹೆಂಗನ್ನಲಿ?”

ಅಂದು ಚೆನ್ನರಾಯಪ್ಪ ತಿಳಿದು ಇಟ್ಟನೋ ಗಡಿಬಿಡಿಯಲ್ಲಿ ಇಟ್ಟನೋ, ದೇವರಿಗೇ ಗೊತ್ತು. ಆದರೆ ಅಲ್ಲಿಂದ ಮುಂದಕ್ಕೆ ಊರು ಬುದ್ಧಿವಂತವಾಯಿತು. ಸತ್ತವರಿಗೆ ಸರ್ಕಾರದ ಸುತ್ತೋಲೆ ತಲುಪುವುದಿಲ್ಲವಲ್ಲ! ಮನೆಮನೆಯಲ್ಲಿ ಉಳಿದುಹೋಗಿದ್ದ ಆಣೆ, ಅರ್ಧಾಣೆ, ತೂತಿನ ಕಾಸು ಎಲ್ಲ ಚೆನ್ನರಾಯಪ್ಪನ ಅಂಗಡಿಯ ಒಂದು ಬಿಸ್ಕತ್ತಿನ ಡಬ್ಬಕ್ಕೆ ಬಂದು ಸೇರಿದವು. ಯಾರ ಮನೆಯಲ್ಲಿ ಸಾವಾದರೂ, ಅವನಲ್ಲಿ ಪುರಿ ಊದುಬತ್ತಿ ಕೊಂಡವರಿಗೆ ಆ ಡಬ್ಬದಿಂದ ಎರಡು ಹಿಡಿ ಪುಕ್ಕಟೆ. ಪುಣ್ಯದ ಕೆಲಸ ಎಂದು ಅವನೂ ನಂಬಿದ್ದ, ಊರೂ ನಂಬಿತ್ತು. ಸರ್ಕಾರ ಕೈಬಿಟ್ಟ ಕಾಸಿಗೆಲ್ಲ ಹೀಗೆ ಆ ಊರಲ್ಲಿ ಒಂದು ಕೆಲಸ ಸಿಕ್ಕಿತು. ಕೊನೆಗೆ ಮುನಿಶಾಮಪ್ಪನ ಕೇರಿಯವರೂ ತಮ್ಮ ಸಾವುಗಳಿಗೆ ಅದನ್ನೇ ತಂದರು. ಮುನಿಶಾಮಪ್ಪ ಒಂದು ದಿನವೂ ಬಾಯಿ ಬಿಡಲಿಲ್ಲ. ಗಂಗುಲಮ್ಮ ಗೊಣಗಿದರೆ, “ಎದುರಿಗೆ ಹೆಣ ಕೂರಿಸ್ಕೊಂಡು ಕಾಸಿಗೆ ಜಗಳ ಆಡ್ಲಾ?” ಎನ್ನುತ್ತಿದ್ದ.

ಒಂದು ಸಲ ಮಾತ್ರ ಸೇರಿದ್ದನ್ನೆಲ್ಲ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಗೌರಿಬಿದನೂರಿನ ಖಜಾನೆಗೆ ಹೋದ. ಸಂಜೆ ಗಂಟಿನ ಸಮೇತ ವಾಪಸು ಬಂದ.

“ತಗೊಳ್ಳಲ್ವಂತೆ. ತಾರೀಕು ಮುಗೀತಂತೆ.”

“ಯಾವ ತಾರೀಕು?”

“ಗೊತ್ತಿಲ್ಲ. ಮುಗೀತಂತೆ.” ಕಾಲು ತೊಳೆದು ಕೂತ ಮೇಲೆ ಯಾವುದೋ ಸೋಜಿಗದ ಸುದ್ದಿ ತಂದವನ ಹಾಗೆ ಹೇಳಿದ: “ತಾರೀಕಿನೊಳಗೆ ಬಂದವನ್ನೆಲ್ಲ ಮೂಟೆ ಕಟ್ಟಿ ರೈಲಿಗೆ ಹಾಕ್ತಾರಂತೆ ಕಣೇ. ಎಲ್ಲೋ ದೂರದಲ್ಲಿ ದೊಡ್ಡ ಕುಲುಮೆ ಐತಂತೆ. ಅಲ್ಲಿ ಕರಗಿಸಿಬಿಡ್ತಾರಂತೆ. ಆ ಗುಮಾಸ್ತರು ಪಾಪ ಒಳ್ಳೇವ್ರು, ನಿಂತ್ಕೊಂಡು ನಿಧಾನವಾಗಿ ಹೇಳಿದ್ರು.”

“ನಮ್ಮವು?”

“ನಮ್ಮವು ದಿಕ್ಕಿಲ್ಲದವು,” ಎಂದ ಮುನಿಶಾಮಪ್ಪ.

ಮಾರನೆಯ ದಿನ ಆ ಗಂಟು ಮನೆಯಲ್ಲಿ ಇರಲಿಲ್ಲ. ಆಮೇಲೆ ಅವನು ಯಾವ ಸಾವಿಗೆ ಹೋಗಿ ಬಂದರೂ ಬರಿಗೈ. ಎಲ್ಲಿ ಎಂದು ಕೇಳಿದರೆ ಎದ್ದು ಎಮ್ಮೆಯ ಕಡೆ ಹೋಗುತ್ತಿದ್ದ. ಚಿಂತಾಮಣಿಯಲ್ಲಿ ಯಾರೋ ಪಾತ್ರೆ ಮಾಡುವವರು ಹಳೇ ಕಾಸನ್ನು ತೂಕಕ್ಕೆ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಗಂಗುಲಮ್ಮನ ಕಿವಿಗೆ ಬಿದ್ದಿತ್ತು. ಅಲ್ಲಿಗೆ ಮಾರಿ ಹೆಂಡ ಕುಡಿಯುತ್ತಿದ್ದಾನೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ವಾಸನೆ ಬರುತ್ತಿತ್ತೇ ಎಂದರೆ, ಗುಂಡಿ ತೋಡಿದವನಿಗೆ ಸಾವಿನ ಮನೆಯವರು ಒಂದು ಲೋಟ ಹೆಂಡ ಕೊಡಿಸುವುದು ಪದ್ಧತಿ. ವಾಸನೆ ಬಂದೇ ಬರುತ್ತಿತ್ತು.

ಎರಡು ವರ್ಷದ ಹಿಂದೆ ಮುನಿಶಾಮಪ್ಪನ ಸ್ವಂತ ಅಣ್ಣ ಸತ್ತ. ಮೊರದಲ್ಲಿ ಒಂದು ಹಿಡಿ ಕಾಸು ಉಳಿದದ್ದನ್ನು ಗಂಗುಲಮ್ಮ ಕಣ್ಣಾರೆ ನೋಡಿದ್ದಳು. ಅವತ್ತೂ ಅವನು ಬರಿಗೈಯಲ್ಲಿ ಬಂದು ಎಮ್ಮೆಯ ಹತ್ತಿರ ಕೂತ. ಅವಳಿಗೆ ಎಲ್ಲಿತ್ತೋ ಸಿಟ್ಟು.

“ಒಡಹುಟ್ಟಿದೋನ ಹಣೆ ಕಾಸೂ ಕುಡಿದುಬಿಟ್ಟೇನಯ್ಯಾ? ನೋಡ್ತಿರು, ನಾಳೆ ನಿನ್ನ ಹಣೆಗೂ ಇಂಥ ಸಲ್ಲದ ಕಾಸೇ ಬೀಳೋದು!”

ಮುನಿಶಾಮಪ್ಪ ಅವಳನ್ನು ಒಂದು ಗಳಿಗೆ ನೋಡಿದ. “ಬೀಳ್ಲಿ ಬಿಡು,” ಎಂದ. ಎದ್ದು ಎಮ್ಮೆಗೆ ನೀರು ತೋರಿಸಿದ. ಆ ಮಾತನ್ನು ಅವನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಆದರೆ ಎರಡು ವರ್ಷ ಅವಳ ಎದೆಯೊಳಗೆ ಅದು ಅಲ್ಲೇ ಕೂತಿತ್ತು.

*

ಹತ್ತು ಗಂಟೆಯ ಹೊತ್ತಿಗೆ ಚೆನ್ನರಾಯಪ್ಪ ಸೈಕಲ್ಲು ತಳ್ಳಿಕೊಂಡು ಬಂದ. ಕೇರಿಯ ಅಂಚಿನ ಹುಣಸೆಮರದಿಂದ ಈಚೆಗೆ ಕಾಲಿಟ್ಟವನಲ್ಲ. ಇವತ್ತು ನಾಲ್ಕು ಹೆಜ್ಜೆ ಮುಂದೆಯೇ ಬಂದು ನಿಂತ. ಸೈಕಲ್ಲಿನ ಹಿಂದೆ ಪುರಿಯ ಚೀಲ, ಅದರ ಮೇಲೆ ಬಿಸ್ಕತ್ತಿನ ಡಬ್ಬ. ಕೈಯಲ್ಲಿ ಚೆಂಡುಹೂವಿನ ಹಾರ.

“ಎಂಥ ಮನುಷ್ಯ ಕಣಮ್ಮ ಗಂಗುಲಮ್ಮ. ನಮ್ಮವ್ವನ್ನ ಕೈಯಾರೆ ಮಣ್ಣು ಮಾಡಿದೋನು. ಹಣೆ ಕಾಸು ನಮ್ಮನೇದೇ ಆಗ್ಲಿ ಅಂತ ಬಂದೆ.”

ಅವನ ಕಣ್ಣು ಒದ್ದೆಯಾಗಿತ್ತು. ಆ ದುಃಖ ಸುಳ್ಳಲ್ಲ, ಅದನ್ನು ಹೇಳಿಬಿಡಬೇಕು. ಡಬ್ಬದ ಮುಚ್ಚಳ ತೆಗೆದು, ಕೆದಕಿ, ಇದ್ದುದರಲ್ಲಿ ಚೆನ್ನಾಗಿ ಹೊಳೆಯುವುದನ್ನು ಆರಿಸಿ, ಗಂಗುಲಮ್ಮ ಚಾಚಿದ ಕೈಗೆ ಗೇಣಿನಷ್ಟು ಮೇಲಿನಿಂದ ಬಿಟ್ಟ.

ಅವಳು ಕಾಸನ್ನು ತಿರುಗಿಸಿದಳು. ಬಸವ.

ಆಡಿದ ಮಾತು ಹುಡುಕಿಕೊಂಡು ಬಂದು ಅಂಗೈಯಲ್ಲೇ ಕೂತಿದೆ.

“ಇದು ನಡೀತದಾ ಸಾಮಿ?”

“ಹಾಂ?”

“ಈ ಕಾಸು ನಡೀತದಾ ಅಂದೆ.”

ಚೆನ್ನರಾಯಪ್ಪ ತಬ್ಬಿಬ್ಬಾದ. “ಅಲ್ಲಮ್ಮ... ಸಾವಿಗೆ ಇದೇ ತಾನೆ. ಸಾವಿಗೆ ನಡೀತದೆ.”

“ಇದಕ್ಕೆ ನಿಮ್ಮ ಅಂಗಡೀಲಿ ಉಪ್ಪು ಕೊಡ್ತೀರಾ?”

ಎರ್ರಪ್ಪ ಹಿಂದಿನಿಂದ, “ಅತ್ಗೆ, ಸುಮ್ನಿರತ್ಗೆ,” ಎಂದು ಪಿಸುಗುಟ್ಟಿದ. ನಡುಬೀದಿಯವರನ್ನು ಆ ಕೇರಿಯ ಹೆಂಗಸೊಬ್ಬಳು ಹಾಗೆ ಕೇಳಿದ್ದನ್ನು ಅಲ್ಲಿದ್ದ ಯಾರೂ ನೋಡಿರಲಿಲ್ಲ. ಚೆನ್ನರಾಯಪ್ಪನಿಗೆ ಸಿಟ್ಟಾದರೂ ಬಂದಿದ್ದರೆ ಸುಲಭವಾಗುತ್ತಿತ್ತು, ಬೈದು ಹೊರಟುಹೋಗಬಹುದಿತ್ತು. ಸಿಟ್ಟು ಬರಲಿಲ್ಲ. ಅವನು ಡಬ್ಬದೊಳಗೆ ಬಗ್ಗಿ ನೋಡಿದ, ಅದರಲ್ಲಿರುವುದು ಏನೆಂದು ಅವನಿಗೇ ಆಗ ಕಂಡಂತಿತ್ತು.

“ಉಪ್ಪು... ಉಪ್ಪು ಬರಲ್ಲ,” ಎಂದ.

ಆಮೇಲೆ ಸೊಂಟದ ಚೀಲ ಬಿಚ್ಚಿ ಒಂದು ನಾಲ್ಕಾಣೆಯ ಪಾವಲಿ ತೆಗೆದು ಕೊಟ್ಟ. ಈ ಸಲ ಮೇಲಿನಿಂದ ಬಿಡಲು ಮರೆತ. ಅವನ ಬೆರಳು ಅವಳ ಅಂಗೈಗೆ ತಾಕಿತು.

ಗಂಗುಲಮ್ಮ ನೋಡಿದಳು. ರಾಜನ ತಲೆ.

“ಇದೂ ಬೇಡ ಸಾಮಿ. ರಾಜನ ತಲೆ ಇರೋದೆಲ್ಲ ಹೋಯ್ತು ಅಂತ ನೀವೇ ಹೇಳಿದ್ದು.”

“ಅಯ್ಯೋ, ಇದು ನಡೀತದಮ್ಮ! ತಿರುಗಿಸಿ ನೋಡು, ಹುಲಿ ಐತೆ. ಪಾವಲಿ ನಿಂತಿಲ್ಲ. ಆಣೆ ನಿಂತಿದ್ದು. ಪಾವಲಿಗೆ ಸರಿಯಾಗಿ ಇಪ್ಪತ್ತೈದು ಪೈಸೆ, ಅದಕ್ಕೇ ಅದನ್ನ ನಿಲ್ಲಿಸಿಲ್ಲ.”

“ಬಸವ ಹೋಗಿ ಹುಲಿ ಉಳೀತಾ?” ಎಂದು ಹಿಂದೆ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು.

“ಹಂಗಾದ್ರೆ ರಾಜ ಅರ್ಧ ನಡೀತಾನೆ, ಅರ್ಧ ನಡೆಯಲ್ವಾ?” ಎಂದ ಎರ್ರಪ್ಪ.

ಚೆನ್ನರಾಯಪ್ಪ ಬೆವೆತುಹೋದ. ವರ್ಷಗಟ್ಟಲೆ ಸಲ್ಲದ ಕಾಸು ಕೊಟ್ಟಾಗ ತುಟಿ ಬಿಚ್ಚದ ಜನ, ಸಲ್ಲುವ ಕಾಸು ಕೊಟ್ಟ ದಿನ ಸಾಕ್ಷಿ ಕೇಳುತ್ತಿದ್ದಾರೆ! ದೇವರ ಮೇಲೆ ಪ್ರಮಾಣ ಮಾಡುತ್ತೇನೆ ಎಂದ. ಆಗಲೂ ಗಂಗುಲಮ್ಮ ಅಳಿಯನ ಮುಖವನ್ನೇ ನೋಡಿದಳು.

“ನಡೀತದೆ ಅತ್ತೆ,” ಎಂದ ವೆಂಕಟೇಶ್. “ಬೆಳಿಗ್ಗೆ ಬಸ್ಸಲ್ಲಿ ಕಂಡಕ್ಟರಿಗೆ ಇಂಥದ್ದೇ ಕೊಟ್ಟೆ. ಹುಲಿದೇ. ತಗೊಂಡು ಟಿಕೆಟ್ ಹರಿದ.”

ಕಂಡಕ್ಟರು ತಗೊಂಡ ಎಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಗಂಗುಲಮ್ಮ ತಾನೇ ಹೊಸದಾಗಿ ಕುಂಕುಮ ಕಲಸಿದಳು. ಗಂಡನ ಹಣೆಗೆ ದಪ್ಪಗೆ ಬಳಿದು, ಪಾವಲಿಯನ್ನು ಹೆಬ್ಬೆರಳಿನಿಂದ ಒತ್ತಿ, ಜಾರದು ಎಂದು ಖಾತ್ರಿಯಾಗುವವರೆಗೆ ಹಿಡಿದೇ ನಿಂತಳು. ನಿನ್ನೆ ಸಂಜೆಯಿಂದ ಅವಳಿಗೆ ಅಳು ಬಂದಿರಲಿಲ್ಲ, ಈಗ ಬಂತು.

*

ಆ ಕೇರಿಯಲ್ಲಿ ಹೆಂಗಸರೂ ಗುಂಡಿಯವರೆಗೆ ಹೋಗುತ್ತಾರೆ. ತಮಟೆ ಮುಂದೆ, ಚಟ್ಟ ಹಿಂದೆ. ಚೆನ್ನರಾಯಪ್ಪ ಮನೆಗೆ ಹೋಗುತ್ತಾನೆ ಎಂದುಕೊಂಡರೆ ಹೋಗಲಿಲ್ಲ, ಸೈಕಲ್ಲನ್ನು ಹುಣಸೆಮರಕ್ಕೆ ಒರಗಿಸಿ ದೂರದಲ್ಲಿ ನಡೆದು ಬಂದ. ವೆಂಕಟೇಶ್ ಡಬ್ಬದ ಚಿಲ್ಲರೆಯನ್ನು ಪುರಿಯಲ್ಲಿ ಕಲಸಿ ಎರಚುತ್ತಿದ್ದ. ರಸ್ತೆಯ ಮಕ್ಕಳು ಓಡಿಬಂದು ಹೆಕ್ಕಿ ನೋಡಿ ಅಲ್ಲೇ ಬಿಸಾಡಿದವು. ಗಂಗುಲಮ್ಮ ಅದನ್ನೆಲ್ಲ ಗಮನಿಸಲಿಲ್ಲ. ಚಟ್ಟ ಅಲುಗಿದಾಗಲೆಲ್ಲ ಅವಳ ಕಣ್ಣು ಹಣೆಯ ಪಾವಲಿಯ ಮೇಲೆ. ಕೆರೆಯ ಕೋಡಿ ದಾಟುವಾಗ ಒಂದು ಸಲ ನಿಲ್ಲಿಸಿ ಒತ್ತಿ ಸರಿ ಮಾಡಿದಳು. ಅದು ಬೀಳಲಿಲ್ಲ. ಅವಳ ಮಾತು ಸುಳ್ಳಾಗುತ್ತಿತ್ತು, ಎದೆ ಸ್ವಲ್ಪ ಹಗುರಾಯಿತು.

ಗುಂಡಿಯನ್ನು ಎರ್ರಪ್ಪ ಮುನಿಶಾಮಪ್ಪನ ಅಣ್ಣನ ಗುಂಡಿಯ ಮಗ್ಗುಲಲ್ಲೇ ತೋಡಿದ್ದ. ಜಾಗ ಕಡಿಮೆ, ಎರಡಕ್ಕೂ ನಡುವೆ ಗೇಣುದ್ದ ಮಣ್ಣು ಅಷ್ಟೇ. ಹೆಣ ಇಳಿಸಿ ಮಲಗಿಸಿದರು. ಎರ್ರಪ್ಪ ಒಳಗಿಳಿದು ತಲೆಯ ಕಡೆ ನಿಂತ. ಬಗ್ಗಿ, ಹಣೆಯ ಮೇಲಿನ ಪಾವಲಿಯನ್ನು ಉಗುರಿನಿಂದ ಬಿಡಿಸಿಕೊಂಡ. ಬಿಡಿಸಿಕೊಂಡವನು ಅದನ್ನು ಪಂಚೆಗೆ ಗಂಟು ಹಾಕಲಿಲ್ಲ. ಏನೂ ಯೋಚಿಸದೆ ತಲೆಯ ಪಕ್ಕದ ಗೋಡೆಯಲ್ಲಿ ಬೆರಳಿನಿಂದ ಕೆದಕಿ, ಒಳಕ್ಕೆ ತುರುಕಿ, ಮೇಲೆ ಮಣ್ಣು ಮೆತ್ತಿಬಿಟ್ಟ.

“ಲೋ ಎರ್ರಾ! ಅದು ನಡೆಯೋ ಕಾಸು ಕಣೋ!” ಎಂದು ಮೊದಲು ಕೂಗಿದವನು ದೂರದಲ್ಲಿ ನಿಂತಿದ್ದ ಚೆನ್ನರಾಯಪ್ಪ.

ಎರ್ರಪ್ಪ ಬೆಚ್ಚಿ ತನ್ನ ಕೈಯನ್ನೇ ನೋಡಿಕೊಂಡ. “ಅಯ್ಯೋ ದೇವುಡಾ... ಕೈ ಅದರಷ್ಟಕ್ಕೆ ಅದು ಹೋಯ್ತು.”

“ಅಲ್ಲಿ ಯಾಕೋ ತುರುಕಿದೆ?” ಗಂಗುಲಮ್ಮನಿಗೆ ಏನೂ ಅರ್ಥವಾಗಲಿಲ್ಲ.

“ಅಣ್ಣ ಹೇಳ್ಕೊಟ್ಟಿದ್ದು ಹಂಗೇ ಅಲ್ವಾ ಅತ್ಗೆ. ಹಣೆ ಕಾಸು, ಮೊರದ ಕಾಸು, ಎಲ್ಲ ತಲೆ ಪಕ್ಕ ಇಟ್ಟು ಮುಚ್ಚಿಬಿಡೋದು. ಖಜಾನೆಗೆ ಹೋಗಿ ಬಂದ್ನಲ್ಲ, ಆವತ್ತಿಂದ ಹಂಗೇ ಮಾಡ್ತಿದ್ವಿ.”

“ಎಲ್ಲಾನೂ?”

“ಎಲ್ಲಾನೂ. ಟವೆಲಿನ ಗಂಟೂ ಇಲ್ಲೇ ಎಲ್ಲೋ ಐತೆ.”

“ಯಾಕೆ?”

“ನಾನೂ ಕೇಳ್ದೆ. ಒಂದ್ಸಲ, ‘ಇವಕ್ಕೂ ಯಾರಾದ್ರೂ ಮಣ್ಣು ಹಾಕ್ಬೇಕಲ್ಲೋ’ ಅಂದ. ಇನ್ನೊಂದ್ಸಲ, ‘ಮನೆಗೆ ತಗೊಂಡೋದ್ರೆ ನಿಮ್ಮತ್ಗೆ ನೋಡಿ ನೊಂದ್ಕೊಂತಾಳೆ’ ಅಂದ. ಯಾವುದು ನಿಜವೋ ನಂಗೊತ್ತಿಲ್ಲ.” ಎರ್ರಪ್ಪ ತಲೆ ಕೆರೆದುಕೊಂಡ. “ನಿಂಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ.”

ಗಂಗುಲಮ್ಮ ಗುಂಡಿಯ ಅಂಚಿನಲ್ಲಿ ಕೂತಳು. “ಚಿಂತಾಮಣೀಲಿ ಮಾರಿ ಕುಡೀತಾನೆ ಅಂದ್ಕೊಂಡಿದ್ನಲ್ಲೋ ನಾನು.”

“ಅಣ್ಣ ಚಿಂತಾಮಣಿ ಕಣ್ಣಲ್ಲೇ ನೋಡಿಲ್ಲ ಅತ್ಗೆ.”

ಎರ್ರಪ್ಪ ತಪ್ಪು ಮಾಡಿದವನಂತೆ ತಿರುಗಿ, ಪಾವಲಿ ತೆಗೆಯಲು ಗೋಡೆಯನ್ನು ಬೆರಳಿನಿಂದ ಬಗೆಯತೊಡಗಿದ. ಮಣ್ಣು ಸಡಿಲವಾಗಿತ್ತು. ಎರಡು ಸಲ ಎಳೆದದ್ದಕ್ಕೆ ಹೆಂಟೆ ಹೆಂಟೆಯಾಗಿ ಕುಸಿದು, ಆಚೆ ಬದಿಯಿಂದ ಒಂದು ಹಿಡಿ ಕಾಸು ಅವನ ಕೈಗೇ ಸುರಿಯಿತು. ಎರಡು ವರ್ಷದ ಹಿಂದೆ ಮುನಿಶಾಮಪ್ಪ ತನ್ನ ಅಣ್ಣನ ತಲೆಯ ಪಕ್ಕ ಇಟ್ಟು ಮುಚ್ಚಿದ್ದು. ಪಾವಲಿ ಅವುಗಳಲ್ಲಿ ಸೇರಿಹೋಗಿತ್ತು. ಹಸಿ ಮಣ್ಣು ಮೆತ್ತಿ ಎಲ್ಲಕ್ಕೂ ಒಂದೇ ಬಣ್ಣ.

ಎರ್ರಪ್ಪ ಅಂಗೈಯನ್ನು ಮೇಲಕ್ಕೆ ಎತ್ತಿ ಹಿಡಿದ. “ಅತ್ಗೆ, ಇದರಲ್ಲಿ ಇವತ್ತಿಂದು ಯಾವುದು?”

ಅವಳು ಸೆರಗು ಚಾಚಿದಳು. ಅವನು ಕಾಸನ್ನೆಲ್ಲ ಅದಕ್ಕೆ ಸುರಿದ. ಅವಳು ಒಂದನ್ನು ಎತ್ತಿ ಸೀರೆಗೆ ಉಜ್ಜಿದಳು. ಬಸವ. ಅದನ್ನು ಮೊಣಕಾಲಿನ ಪಕ್ಕ ನೆಲದ ಮೇಲೆ ಇಟ್ಟಳು. ಇನ್ನೊಂದು. ಬಸವ. ಇನ್ನೊಂದು ತೂತಿನದು, ತೂತಿನೊಳಗಿನ ಮಣ್ಣನ್ನು ಕಡ್ಡಿಯಿಂದ ತೆಗೆದು ಅದನ್ನೂ ಸಾಲಿಗಿಟ್ಟಳು. ಆ ಕಾಸಿನಲ್ಲಿ ಒಂದು ಗುಟುಕೂ ಕುಡಿಯದೆ, ಮತ್ತೊಂದು ಮಾತೂ ಆಡದೆ, ಅವಳು ಬಿಸಾಕಿದ ಮಾತನ್ನು ಹೊತ್ತುಕೊಂಡು ಎರಡು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದ್ದ ಮನುಷ್ಯ ಕೆಳಗೆ ಮಲಗಿದ್ದ. ಇನ್ನು ಅವನನ್ನು ಕೇಳುವಂತೆಯೂ ಇಲ್ಲ, ಅವನಿಗೆ ಹೇಳುವಂತೆಯೂ ಇಲ್ಲ.

ಐದನೆಯದೋ ಆರನೆಯದೋ ಉಜ್ಜಿದಾಗ ಹುಲಿ ಕಂಡಿತು. ಹೊಸ ಕುಂಕುಮ ಅವಳ ಬೆರಳಿಗೆ ಹತ್ತಿತು. ಅವಳು ಅದನ್ನು ಎರ್ರಪ್ಪನಿಗೆ ಕೊಟ್ಟಳು.

“ತಗೋಪ್ಪ. ಕೂಲಿ.”

ಎರ್ರಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು, ಒಂದು ಗಳಿಗೆ ಅನುಮಾನಿಸಿ, ಪಂಚೆಯ ತುದಿಗೆ ಗಂಟು ಹಾಕಿದ. ಗುಂಡಿಯಿಂದ ಹತ್ತಿ ಬಂದ. ಜನ ಮಣ್ಣು ಹಾಕಲು ಒಂದೊಂದು ಹಿಡಿ ಎತ್ತಿಕೊಂಡರು. ಚೆನ್ನರಾಯಪ್ಪನೂ ಬಗ್ಗಿ ಒಂದು ಹಿಡಿ ಎತ್ತಿಕೊಂಡ.

“ಹಾಕಣ್ವಾ ಅತ್ತೆ?” ಎಂದು ವೆಂಕಟೇಶ್ ಮೆಲ್ಲಗೆ ಕೇಳಿದ. “ಅದು ಸಿಕ್ತಲ್ಲ.”

“ತಡೀರಪ್ಪ,” ಎಂದಳು ಗಂಗುಲಮ್ಮ. “ಇವಕ್ಕೂ ಮಣ್ಣು ಹಾಕ್ಬೇಕಲ್ಲ.”

ಸೆರಗಿನಲ್ಲಿ ಇನ್ನೂ ಹನ್ನೊಂದು ಕಾಸಿದ್ದವು. ಮುಷ್ಟಿಯಲ್ಲಿ ಮಣ್ಣು ಹಿಡಿದು ಎಲ್ಲರೂ ನಿಂತರು. ಅವಳು ಮುಂದಿನದನ್ನು ಎತ್ತಿಕೊಂಡು, ಬಸವನ ಕೊಂಬಿನ ಸಂದಿಯ ಮಣ್ಣನ್ನು ಉಗುರಿನಿಂದ ಬಿಡಿಸತೊಡಗಿದಳು.